ರಾಗಿಯಲ್ಲಿ ಸಂಕರಣ ಮಾಡುವ ಬಗೆ: ಹೆಣ್ಣು ಗಿಡದ ಆಯ್ಕೆಯಿಂದ ಹೊಸ ತಳಿಯ ಪರೀಕ್ಷೆವರೆಗೆ

ರಾಗಿಯ ಹೂ ಅರಳುವುದು ರಾತ್ರಿ ಒಂದು ಗಂಟೆಯಿಂದ ಬೆಳಗಿನ ಜಾವ ಐದರ ನಡುವೆ. ಪರಾಗಕೋಶದಿಂದ ಹೊರಬಿದ್ದ ಪರಾಗಕ್ಕೆ ಜೀವ ಇರುವುದು 10ರಿಂದ 15 ನಿಮಿಷ. ಹೂ ಬಾಯಿ ಬಿಡುವ ಹೊತ್ತಿಗೇ ಪರಾಗಕೋಶ ಒಡೆದು, ಅದೇ ಹೂವಿನ ಪರಾಗ ಅದೇ ಹೂವಿನ ಶಲಾಕಾಗ್ರದ (ಪರಾಗ ಹಿಡಿಯುವ ಹೆಣ್ಣುಭಾಗದ ತುದಿ) ಮೇಲೆ ಬಿದ್ದುಬಿಡುತ್ತದೆ. ಎರಡು ತಳಿಗಳನ್ನು ಪಕ್ಕಪಕ್ಕದ ಸಾಲಿನಲ್ಲಿ ಬೆಳೆದರೂ ಅವು ತಾವಾಗಿ ಕೂಡುವುದು ನೂರಕ್ಕೆ ಒಂದರ ಆಸುಪಾಸು. ಈ ಕಾರಣಕ್ಕೇ ರಾಗಿಯಲ್ಲಿ ಬಹುಕಾಲ ನಡೆದದ್ದು ನಾಡ ತಳಿಗಳೊಳಗಿನಿಂದ ಒಳ್ಳೆಯ ಗಿಡ ಆರಿಸಿ ಬೇರ್ಪಡಿಸುವ ಕೆಲಸ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ತಳಿಗಳಿಗೆ ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ಸರಣಿಯನ್ನು ಕೊಟ್ಟ ಮೇಲೆ, ಸಂಕರಣದಿಂದ ರಾಗಿಯ ಇಳುವರಿ ಎಷ್ಟು ಏರಬಲ್ಲದು ಎಂಬುದು ಹೊಲದಲ್ಲೇ ಕಂಡಿತು. ಇಂದು ಶಿಲೀಂಧ್ರದಿಂದ ಬರುವ ಬೆಂಕಿ ರೋಗವನ್ನು ತಡೆಯುವ ಜಿಪಿಯು-28, ಎಂಎಲ್-365 ತಳಿಗಳ ವಂಶದಲ್ಲೂ ಇಂಡಾಫ್ ತಳಿಗಳಿವೆ.

ಮುಂದೆ ಬರೆದಿರುವುದು ಕೃಷಿ ಕಾಲೇಜಿನ ವಿದ್ಯಾರ್ಥಿಗಳಿಗೂ ತಮ್ಮ ಹೊಲದಲ್ಲೇ ತಳಿ ಮಾಡಬೇಕೆಂದಿರುವ ರೈತರಿಗೂ ಹೊಂದುವ ವಿಧಾನ. ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ. ರಾಗಿಯಲ್ಲಿ ಎರಡು ತಳಿ ಕೂಡಿಸುವುದಕ್ಕಿಂತ, ಕೂಡಿದ್ದು ನಿಜ ಎಂದು ತೋರಿಸುವುದೇ ದೊಡ್ಡ ಕೆಲಸ. ಯಾವ ವಿಧಾನ ಹಿಡಿದರೂ ಕೊಯ್ದ ಕಾಳಿನಲ್ಲಿ ತಾಯಿ ಗಿಡದ ಸ್ವಂತ ಕಾಳು ಬೆರೆತೇ ಇರುತ್ತದೆ. ಅದನ್ನು ಬೇರ್ಪಡಿಸದೆ ಮುಂದೆ ಹೋದರೆ ಆರು ಪೀಳಿಗೆ ದುಡಿದ ಮೇಲೂ ಕೈಯಲ್ಲಿ ಉಳಿಯುವುದು ತಾಯಿ ತಳಿಯೇ. ಆದ್ದರಿಂದ ಗುರುತಿನ ವ್ಯವಸ್ಥೆ ಗಿಡದ ಆಯ್ಕೆಯಿಂದಲೇ ಶುರುವಾಗಬೇಕು.

ಹೆಣ್ಣು ಯಾವುದು, ಗಂಡು ಯಾವುದು

ರಾಗಿ ಗಿಡದ ಗಿಣ್ಣು, ಎಲೆಯ ಬುಡ, ತೆನೆಯ ಹೊಟ್ಟು ಕೆಲವು ತಳಿಗಳಲ್ಲಿ ಪೂರ್ತಿ ಹಸಿರು, ಕೆಲವದರಲ್ಲಿ ನೇರಳೆ. ನೇರಳೆ ಬಣ್ಣ ಹಸಿರಿನ ಮೇಲೆ ಪ್ರಬಲ ಗುಣ. ಹೀಗಾಗಿ ಹಸಿರು ಗಿಡವನ್ನು ಹೆಣ್ಣಾಗಿಯೂ ನೇರಳೆ ಗಿಡವನ್ನು ಗಂಡಾಗಿಯೂ ಇಟ್ಟುಕೊಳ್ಳಿ. ಮರುಬಿತ್ತನೆಯಲ್ಲಿ ನೇರಳೆಯಾಗಿ ಬಂದ ಸಸಿ ಸಂಕರ, ಹಸಿರಾಗಿ ಬಂದದ್ದು ತಾಯಿಯ ಸ್ವಂತ ಕಾಳು. ತಿರುಗಾಮುರುಗಾ ಮಾಡಿ ನೇರಳೆಯನ್ನು ಹೆಣ್ಣಾಗಿಸಿದರೆ ಸಂಕರವೂ ನೇರಳೆ, ಸ್ವಂತ ಕಾಳಿನ ಗಿಡವೂ ನೇರಳೆ. ಆಗ ಕಣ್ಣಿಗೆ ಗುರುತು ಸಿಗುವುದಿಲ್ಲ.

ಬೇಕಾದ ಎರಡೂ ತಳಿ ಹಸಿರೇ ಆಗಿದ್ದರೆ ಪ್ರಯೋಗಾಲಯದಲ್ಲಿ ಡಿಎನ್ಎ ಗುರುತು ನೋಡಬೇಕಾಗುತ್ತದೆ. ರಾಗಿಗೆ ಯುಜಿಇಪಿ ಹೆಸರಿನ ಎಸ್ಎಸ್ಆರ್ ಗುರುತುಗಳಿವೆ (ತಳಿಯಿಂದ ತಳಿಗೆ ಉದ್ದ ಬದಲಾಗುವ ಡಿಎನ್ಎ ತುಣುಕುಗಳು). ಸಂಕರಣಕ್ಕೆ ಮೊದಲೇ ಇಬ್ಬರು ಪೋಷಕರ ಎಲೆಯಲ್ಲಿ ಇವನ್ನು ಓಡಿಸಿ, ಇಬ್ಬರಲ್ಲೂ ಬೇರೆ ಬೇರೆ ಪಟ್ಟಿ ತೋರಿಸುವ ನಾಲ್ಕೈದು ಗುರುತು ಆರಿಸಿಟ್ಟುಕೊಳ್ಳಿ. ಸಂಕರದಲ್ಲಿ ಎರಡೂ ಪಟ್ಟಿ ಕಾಣಬೇಕು. ಕಾಳು ಕೈಗೆ ಬಂದ ಮೇಲೆ ಗುರುತು ಹುಡುಕಲು ಹೊರಟರೆ ಒಂದು ಹಂಗಾಮು ಕೈತಪ್ಪುತ್ತದೆ.

ಗುಣಗಳ ವಿಚಾರಕ್ಕೆ ಬಂದರೆ, ಇಬ್ಬರು ಪೋಷಕರಲ್ಲಿ ಒಬ್ಬರಾದರೂ ನಿಮ್ಮ ಸೀಮೆಗೆ ಚೆನ್ನಾಗಿ ಒಗ್ಗಿದ ತಳಿಯಾಗಿರಲಿ. ಆಫ್ರಿಕಾ ಮೂಲದವು ದಪ್ಪ ಕಡ್ಡಿ, ತೂಕದ ತೆನೆ, ರೋಗ ತಡೆಯುವ ಶಕ್ತಿ ಕೊಡುತ್ತವೆ, ಆದರೆ ಬಹಳಷ್ಟು ತಡವಾಗಿ ಮಾಗುತ್ತವೆ. ಮಳೆ ಬೇಗ ಹಿಂದಾಗುವ ಕಡೆ ಅದು ದೊಡ್ಡ ದೋಷ. ಒಂದೇ ಸಂಕರದಲ್ಲಿ ಎಲ್ಲ ಗುಣ ಬೇಕೆಂದು ಹೊರಡಬೇಡಿ. ಎರಡು, ಹೆಚ್ಚೆಂದರೆ ಮೂರು ಗುಣ ಬರೆದಿಟ್ಟುಕೊಳ್ಳಿ. ಏಕೆ ಎಂಬುದಕ್ಕೆ ಲೆಕ್ಕ ಮುಂದೆ ಬರುತ್ತದೆ.

ಹೂ ಬಿಡುವ ದಿನ ಹೊಂದಿಸುವುದು

ಎಂಎಲ್-365 ಮಾಗುವುದು 105–110 ದಿನಕ್ಕೆ, ಎಂಆರ್-6ಕ್ಕೆ 120 ದಿನ ದಾಟುತ್ತದೆ. ಇಂಥ ಎರಡನ್ನು ಒಂದೇ ದಿನ ಬಿತ್ತಿದರೆ ಒಂದರಲ್ಲಿ ಕಾಳು ಕಟ್ಟಿರುವಾಗ ಇನ್ನೊಂದರ ತೆನೆ ಎಲೆಯ ಒಳಗೇ, ಹೊಡೆಯಲ್ಲಿರುತ್ತದೆ. ತಡವಾಗಿ ಮಾಗುವುದನ್ನು ಮೊದಲು ಬಿತ್ತಿ. ಗಂಡು ತಳಿಯನ್ನು 7ರಿಂದ 10 ದಿನಗಳ ಅಂತರದಲ್ಲಿ ಮೂರು ಬಾರಿ ಬಿತ್ತುವುದು ಇನ್ನೂ ಕ್ಷೇಮ. ಹಲವು ರಾಗಿ ತಳಿಗಳು ಹಗಲಿನ ಉದ್ದಕ್ಕೆ ಸ್ಪಂದಿಸುತ್ತವೆ, ಹಗಲು ಕಿರಿದಾದಂತೆ ಬೇಗ ಹೂ ಬಿಡುತ್ತವೆ. ಆದ್ದರಿಂದ ಮುಂಗಾರಿನಲ್ಲಿ ಕಂಡ ದಿನಗಳ ಅಂತರ ಬೇಸಿಗೆಯಲ್ಲೂ ಹಾಗೇ ಇರುತ್ತದೆಂದು ನಂಬಬೇಡಿ.

ಗಂಡು ಗಿಡಗಳನ್ನು 10–12 ಅಂಗುಲದ ಕುಂಡದಲ್ಲಿ ಎರಡೋ ಮೂರೋ ಸಸಿಯಂತೆ ಬೆಳೆಸಿ. ಹದಿನೈದು ನಿಮಿಷದಲ್ಲಿ ಸಾಯುವ ಪರಾಗವನ್ನು ಹೊಲದ ಆ ತುದಿಯಿಂದ ಈ ತುದಿಗೆ ಒಯ್ಯುವ ಬದಲು, ಗಿಡವನ್ನೇ ಹೆಣ್ಣಿನ ಪಕ್ಕಕ್ಕೆ ತಂದಿಡಬಹುದು. ಬಿಸಿನೀರಿನ ವಿಧಾನ ಬಳಸುವುದಾದರೆ ಹೆಣ್ಣು ಗಿಡವೂ ಕುಂಡದಲ್ಲಿದ್ದರೆ ಒಳ್ಳೆಯದು, ಬಾಗಿಸುವಾಗ ಕಡ್ಡಿ ಮುರಿಯುವುದಿಲ್ಲ.

ತೆನೆ ನೋಡುವ ಕ್ರಮ

ಹತ್ತರಷ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಹಿಡಿದು ಒಂದು ತೆನೆಯನ್ನು ಸಮಾಧಾನವಾಗಿ ನೋಡಿ. ತೆನೆಯ ಒಂದೊಂದು ಬೆರಳಿನಲ್ಲೂ ಎರಡು ಸಾಲಾಗಿ ಒತ್ತೊತ್ತಾಗಿ ಕಿರುತೆನೆಗಳಿರುತ್ತವೆ. ಒಂದು ಕಿರುತೆನೆಯಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಏಳು ಹೂ. ಒಂದು ಹೂವಿನಲ್ಲಿ ಮೂರು ಪರಾಗಕೋಶ, ಪುಕ್ಕದಂಥ ಎರಡು ಶಲಾಕಾಗ್ರ.

ಹೂ ಅರಳುವ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ. ಬೆರಳಿನಲ್ಲಿ ಮೇಲಿನಿಂದ ಕೆಳಕ್ಕೆ, ಕಿರುತೆನೆಯೊಳಗೆ ಕೆಳಗಿನಿಂದ ಮೇಲಕ್ಕೆ. ಒಂದು ಕಿರುತೆನೆಯಲ್ಲಿ ದಿನಕ್ಕೆ ಒಂದರಂತೆ ಹೂ ಬಿಚ್ಚುತ್ತದೆ, ಇಡೀ ತೆನೆ ಮುಗಿಯಲು ಆರರಿಂದ ಎಂಟು ದಿನ ಬೇಕು. ಅಂದರೆ ತೆನೆ ಹೊಡೆಯಿಂದ ಹೊರಬಂದು ಬೆರಳುಗಳ ತುದಿಯಲ್ಲಿ ಮಾತ್ರ ಹೂ ಬಿಚ್ಚಲು ಶುರುವಾಗಿದ್ದರೆ ಅದು ಕೆಲಸಕ್ಕೆ ಸರಿಯಾದ ತೆನೆ. ತುದಿಯಲ್ಲಿ ಒಣಗಿದ ಪರಾಗಕೋಶಗಳು ಚುಕ್ಕಿಚುಕ್ಕಿಯಾಗಿ ಹೊರಗೆ ನೇತಾಡುತ್ತಿದ್ದರೆ ಆ ಭಾಗದ ಹೂಗಳ ಕಥೆ ಮುಗಿದಿದೆ. ಅದನ್ನು ಕತ್ತರಿಸಿ ತೆಗೆಯಿರಿ. ಬೆರಳಿನ ಅರ್ಧ ದಾಟಿ ಇಂಥ ಚುಕ್ಕಿ ಕಂಡರೆ ಆ ತೆನೆಯನ್ನೇ ಬಿಟ್ಟುಬಿಡಿ.

ಕೂಡಿಸುವ ಮೂರು ದಾರಿ

ಎಲ್ಲಕ್ಕಿಂತ ಸುಲಭದ್ದು ತೆನೆಗೆ ತೆನೆ ಹೆಣೆದು ಕಟ್ಟುವುದು. ಇನ್ನೂ ಹೂ ಬಿಡದ, ಒಂದೇ ಹಂತದಲ್ಲಿರುವ ಗಂಡು ಮತ್ತು ಹೆಣ್ಣು ತೆನೆಗಳನ್ನು ಆರಿಸಿ, ಒಂದರ ಬೆರಳುಗಳ ನಡುವೆ ಇನ್ನೊಂದರ ಬೆರಳು ಬರುವಂತೆ ಹೆಣೆದು, ನೂಲಿನಿಂದ ಸಡಿಲವಾಗಿ ಕಟ್ಟಿ, ಎರಡಕ್ಕೂ ಸೇರಿಸಿ ಒಂದೇ ಬಟರ್ ಪೇಪರ್ ಚೀಲ ಹಾಕಿ. ಗಂಡು ತೆನೆ ಸ್ವಲ್ಪ ಮೇಲಿರಲಿ. ಬೆಳಗಿನ ಜಾವ ಚೀಲವನ್ನು ಮೆಲ್ಲಗೆ ಬೆರಳಿನಿಂದ ತಟ್ಟಿದರೆ ಪರಾಗ ಉದುರುತ್ತದೆ. ಹೂ ಮುಗಿಯುವವರೆಗೆ ದಿನವೂ ತಟ್ಟಿ. ಇದರಲ್ಲಿ ಹೆಣ್ಣಿನ ಪರಾಗ ತೆಗೆಯುವ ಕೆಲಸವೇ ಇಲ್ಲ, ಹಾಗಾಗಿ ಸಂಕರ ಕಾಳು ಬಹಳ ಕಡಿಮೆ. ಆದರೂ ಲೆಕ್ಕ ಹಾಕಿ ನೋಡಿ. ಒಂದು ಹೆಣ್ಣು ತೆನೆಯಲ್ಲಿ 1000 ಕಾಳು ಸಿಕ್ಕಿ, ನೂರಕ್ಕೆ ಒಂದು ಕೂಡಿದ್ದರೂ 10 ಸಂಕರ ಗಿಡ. ಒಂದು ಸಂಕರಕ್ಕೆ ಅಷ್ಟು ಧಾರಾಳ ಸಾಕು. ಬಣ್ಣದ ಗುರುತು ಗಟ್ಟಿಯಾಗಿದ್ದರೆ ರೈತರಿಗೆ ನಾವು ಮೊದಲು ಹೇಳುವುದು ಇದನ್ನೇ. ಗುರುತು ಇಲ್ಲದಿದ್ದರೆ ಮಾತ್ರ ಈ ವಿಧಾನಕ್ಕೆ ಕೈ ಹಾಕಬೇಡಿ, ಸಾವಿರ ಸಸಿಗೆ ಡಿಎನ್ಎ ಪರೀಕ್ಷೆ ಮಾಡಿಸಲು ಆಗುವುದಿಲ್ಲ.

ಎರಡನೆಯದು ಬಿಸಿನೀರಿನ ವಿಧಾನ. 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ತೆನೆಯನ್ನು 2 ನಿಮಿಷ ಅದ್ದಿದರೆ ಪರಾಗ ಸಾಯುತ್ತದೆ, ಹೆಣ್ಣುಭಾಗ ಉಳಿಯುತ್ತದೆ. ಬೇಕಾಗುವುದು ಅಗಲ ಬಾಯಿಯ ಒಂದು ಲೀಟರಿನ ಥರ್ಮಾಸ್ ಫ್ಲಾಸ್ಕ್, ನಂಬಿಕೆಯ ಥರ್ಮಾಮೀಟರ್, ಗಡಿಯಾರ ಮತ್ತು ಇಬ್ಬರು ಜನ. ಸಂಜೆ ಹೊತ್ತು ಮಾಡಿ. ಫ್ಲಾಸ್ಕಿಗೆ 54–55 ಡಿಗ್ರಿ ನೀರು ಹಾಕಿ, ಕಲಕಿ, 52ಕ್ಕೆ ಇಳಿಯುವವರೆಗೆ ಕಾಯಿರಿ. ಒಬ್ಬರು ಗಿಡವನ್ನು ಬಾಗಿಸಿ ತೆನೆಯನ್ನು ತಲೆಕೆಳಗಾಗಿ ಪೂರ್ತಿ ಮುಳುಗಿಸಬೇಕು, ಇನ್ನೊಬ್ಬರು ಉಷ್ಣತೆ ಮತ್ತು ಹೊತ್ತು ನೋಡಬೇಕು. ಮುದ್ದೆಯಾಗಿ ಮುಚ್ಚಿಕೊಂಡ ತೆನೆಯಾದರೆ ಬೆರಳುಗಳ ನಡುವೆ ಗಾಳಿ ಸಿಕ್ಕಿಕೊಂಡು ಒಳಮೈಗೆ ನೀರು ತಾಗುವುದಿಲ್ಲ. ಆದ್ದರಿಂದ ಮೊದಲೇ ಒಂದೆರಡು ಬೆರಳು ಕತ್ತರಿಸಿ ಜಾಗ ಮಾಡಿ, ಅದ್ದಿದ ಕೂಡಲೇ ಮೆಲ್ಲಗೆ ಅಲ್ಲಾಡಿಸಿ. ಪ್ರತಿ ತೆನೆಗೂ ಉಷ್ಣತೆ ಮತ್ತೆ ಸರಿಮಾಡಿಕೊಳ್ಳಿ. ಮೇಲೆತ್ತಿ ನೀರು ಒದರಿ, ನೆರಳಲ್ಲಿ ಆರಿದ ಮೇಲೆ ಚೀಲ ಹಾಕಿ.

ಇಲ್ಲಿ ಕೆಡುವುದು ಒಂದೆರಡು ಡಿಗ್ರಿಯ ಅಂತರದಲ್ಲಿ. ಕಡಿಮೆಯಾದರೆ ಪರಾಗ ಬದುಕಿ ಸ್ವಂತ ಕಾಳು ಕಟ್ಟುತ್ತದೆ, ಹೆಚ್ಚಾದರೆ ಹೆಣ್ಣುಭಾಗವೂ ಬೆಂದು ಏನೂ ಕಟ್ಟುವುದಿಲ್ಲ. ತಳಿಯಿಂದ ತಳಿಗೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ಅದಕ್ಕಾಗಿ ಮೊದಲು ನಿಮ್ಮ ಹೆಣ್ಣು ತಳಿಯ ಆರು ತೆನೆಗಳನ್ನು ಪರೀಕ್ಷೆಗೆ ಬಳಸಿ: 50, 52, 54 ಡಿಗ್ರಿಗೆ ಎರಡೆರಡು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಪರಾಗ ಹಾಕದೆ ಚೀಲ ಕಟ್ಟಿ, ಇನ್ನೊಂದಕ್ಕೆ ಪರಾಗ ಹಾಕಿ. ಪರಾಗ ಹಾಕದ ತೆನೆಯಲ್ಲಿ ಕಾಳು ಕಟ್ಟದೆ, ಹಾಕಿದ್ದರಲ್ಲಿ ಕಟ್ಟಿದ ಉಷ್ಣತೆಯೇ ನಿಮ್ಮದು.

ಮೂರನೆಯದು ತೇವದ ಚೀಲ ಮತ್ತು ಚಿಮುಟ. ಶ್ರಮ ಹೆಚ್ಚು, ನಂಬಿಕೆಯೂ ಹೆಚ್ಚು. ಗಾಳಿಯಲ್ಲಿ ತೇವ ತುಂಬಿದ್ದರೆ ಹೂ ಬಿಚ್ಚಿದರೂ ಪರಾಗಕೋಶ ಒಣಗಿ ಒಡೆಯುವುದಿಲ್ಲ, ಇಡಿಯಾಗಿ ಹೊರಗೆ ನೇತಾಡುತ್ತದೆ. ಆ ಹೊತ್ತನ್ನು ಹಿಡಿದು ಕಿತ್ತುಹಾಕುವುದೇ ಇದರ ಗುಟ್ಟು.

ಸಂಜೆ ಐದರ ಹೊತ್ತಿಗೆ ಹೆಣ್ಣು ತೆನೆಯಲ್ಲಿ ಎರಡು ಬೆರಳು ಉಳಿಸಿ ಮಿಕ್ಕವನ್ನು ಕತ್ತರಿಸಿ. ಉಳಿದ ಬೆರಳುಗಳಲ್ಲಿ ಹೂ ಮುಗಿದ ತುದಿಯನ್ನೂ ಇನ್ನೂ ಎಳೆಯದಾದ ಬುಡವನ್ನೂ ತೆಗೆದು, ನಡುವೆ ಒಂದು ಬಿಟ್ಟು ಒಂದರಂತೆ ಬೆರಳಿಗೆ ಹತ್ತು ಕಿರುತೆನೆ ಮಾತ್ರ ಇಡಿ. ಅಕ್ಕಪಕ್ಕ ಜಾಗ ಇಲ್ಲದಿದ್ದರೆ ಚಿಮುಟದ ಮೂತಿ ಒಳಗೆ ಹೋಗುವುದಿಲ್ಲ. ಪಾಲಿಥಿನ್ ಚೀಲದ ಒಳಮೈಗೆ ನೀರು ಚಿಮುಕಿಸಿ, ಒದ್ದೆ ಹತ್ತಿಯ ಸಣ್ಣ ಉಂಡೆ ಹಾಕಿ, ತೆನೆಗೆ ತೊಡಿಸಿ, ಬುಡದಲ್ಲಿ ಹತ್ತಿ ಸುತ್ತಿ ಕಟ್ಟಿ. ನೀರು ತೆನೆಯ ಮೇಲೇ ತೊಟ್ಟಿಕ್ಕುವಷ್ಟು ಬೇಡ.

ರಾತ್ರಿ ಎರಡೂವರೆ–ಮೂರರ ಹೊತ್ತಿಗೆ ಹಣೆಗೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಒಂದೊಂದೇ ಚೀಲ ಬಿಚ್ಚಿ. ಬಿಚ್ಚಿದ ಹೂವಿನ ಅಂಚಿನಿಂದ ಮೂರು ಪರಾಗಕೋಶಗಳು ಕೂದಲೆಳೆಯಂಥ ದಂಡಿನಲ್ಲಿ ಜೋತುಬಿದ್ದಿರುತ್ತವೆ. ಮೈ ನುಣುಪಾಗಿ ತುಂಬಿಕೊಂಡಿದ್ದರೆ ಇನ್ನೂ ಒಡೆದಿಲ್ಲ. ಚೂಪು ಮೂತಿಯ ಚಿಮುಟದಿಂದ ಕೋಶವನ್ನಲ್ಲ, ದಂಡನ್ನು ಹಿಡಿದು ಎಳೆಯಿರಿ. ಕೋಶವನ್ನೇ ಒತ್ತಿದರೆ ಒಡೆಯುತ್ತದೆ. ಒಡೆದರೆ ಆ ಹೂವನ್ನು ಪೂರ್ತಿ ಕಿತ್ತುಹಾಕಿ, ಚಿಮುಟದ ಮೂತಿಯನ್ನು ಶೇ. 70ರ ಆಲ್ಕೋಹಾಲಿನಲ್ಲಿ ಅದ್ದಿ, ಆರಿಸಿ, ಮುಂದಿನ ಹೂವಿಗೆ ಹೋಗಿ. ಮೂರರಲ್ಲಿ ಎರಡು ಮಾತ್ರ ಕಂಡರೆ ಮೂರನೆಯದು ಒಳಗೇ ಇದೆ ಎಂದರ್ಥ, ಹುಡುಕಿ ತೆಗೆಯಿರಿ. ಬೇಗ ಮುಗಿಸುವ ಆತುರದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಅಂದು ಬಿಚ್ಚದ ಹೂಗಳನ್ನೆಲ್ಲ ಕತ್ತರಿಸಿಬಿಡಿ. ನಾಳೆಗೆ ಇರಲಿ ಎಂದು ಬಿಟ್ಟರೆ ಅವು ನಾಳೆ ತಮ್ಮ ಪರಾಗವನ್ನು ಪಕ್ಕದ ಹೂವಿಗೂ ಚೆಲ್ಲುತ್ತವೆ.

ಒಂದು ರಾತ್ರಿಗೆ ಎರಡೋ ಮೂರೋ ತೆನೆ ಸಾಕು. ಹತ್ತು ತೆನೆ ಹಾಳುಮಾಡುವುದಕ್ಕಿಂತ ಎರಡು ತೆನೆಯಲ್ಲಿ ಇಪ್ಪತ್ತಿಪ್ಪತ್ತು ಹೂವನ್ನು ಶುದ್ಧವಾಗಿ ಮುಗಿಸುವುದು ಎಷ್ಟೋ ಮೇಲು.

ಪರಾಗ ಹಾಕುವುದು

ಶಲಾಕಾಗ್ರ ಸುಮಾರು ಐದು ಗಂಟೆ ಕಾಲ ಪರಾಗ ಹಿಡಿಯಬಲ್ಲದು, ಪರಾಗಕ್ಕೆ ಹತ್ತು ಹದಿನೈದು ನಿಮಿಷ. ಆದ್ದರಿಂದ ಕಾಯಬೇಕಾದದ್ದು ಗಂಡನ್ನು, ಹೆಣ್ಣನ್ನಲ್ಲ. ನಾಲ್ಕೈದು ಗಂಡು ತೆನೆಗಳಿಗೆ ಹಿಂದಿನ ಸಂಜೆಯೇ ಒಣ ಬಟರ್ ಪೇಪರ್ ಚೀಲ ಹಾಕಿಡಿ. ಎಲ್ಲ ತೆನೆಯೂ ಒಟ್ಟಿಗೇ ಒಡೆಯುವುದಿಲ್ಲ, ಒಂದರ ಪರಾಗ ಮುಗಿಯುವಾಗ ಇನ್ನೊಂದು ಶುರುವಾಗಿರುತ್ತದೆ. ಮಸೂರದಲ್ಲಿ ನೋಡಿದಾಗ ಕೋಶ ಆಗತಾನೇ ಸೀಳಿ ಪುಡಿ ಕಾಣುವ ತೆನೆಯನ್ನು ಹೆಣ್ಣಿನ ಮೇಲೆ ಬಾಗಿಸಿ ತಟ್ಟಿ. ಇಲ್ಲವೇ ಆಗತಾನೇ ಒಡೆದ ಕೋಶವನ್ನು ಚಿಮುಟದಲ್ಲಿ ಹಿಡಿದು ಪುಕ್ಕದ ಮೇಲೆ ಸವರಿ.

ಹೆಣ್ಣು ತೆನೆಯ ಮೇಲೆ ಚೀಲದ ತೇವ ಉಳಿದಿದ್ದರೆ ಪರಾಗ ನೀರು ಕುಡಿದು ಒಡೆದುಹೋಗುತ್ತದೆ. ಗಂಡುಭಾಗ ತೆಗೆದ ಮೇಲೆ ಹತ್ತು ನಿಮಿಷ ಗಾಳಿಗೆ ಬಿಟ್ಟು ಆರಿಸಿ. ಮಂಜು ಹೆಚ್ಚಿರುವ ರಾತ್ರಿ ಗಂಡು ಕುಂಡಗಳನ್ನು ಮಾಡಿನ ಕೆಳಗಿಡಿ, ತೇವದಲ್ಲಿ ಅವುಗಳ ಕೋಶವೂ ಒಡೆಯದೆ ಸತಾಯಿಸುತ್ತದೆ. ಬಿಸಿನೀರಿನ ವಿಧಾನದಲ್ಲಿ ತೆನೆಯಲ್ಲಿ ದಿನಕ್ಕೊಂದಿಷ್ಟು ಹೊಸ ಹೂ ಬಿಚ್ಚುವುದರಿಂದ ಮೂರು ನಾಲ್ಕು ಬೆಳಗಿನ ಜಾವ ಪರಾಗ ಹಾಕಬೇಕು.

ಕೂಡಲೇ ಬಟರ್ ಪೇಪರ್ ಚೀಲ ಹಾಕಿ ಚೀಟಿ ಕಟ್ಟಿ. ಚೀಟಿಯಲ್ಲಿ ಹೆಣ್ಣಿನ ಹೆಸರು ಮೊದಲು, ಗಂಡಿನದು ಆಮೇಲೆ, ದಿನಾಂಕ, ವಿಧಾನ, ಹೂವಿನ ಸಂಖ್ಯೆ. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಮೊದಲ ಮಳೆಗೇ ಕರಗುತ್ತದೆ. ವಾರದ ಮೇಲೆ ಬೇರೆ ಪರಾಗದ ಭಯವಿಲ್ಲ. ಆಗ ಕಾಗದದ ಚೀಲ ತೆಗೆದು, ಹಕ್ಕಿ ತಿನ್ನದಂತೆ ಗಾಳಿಯಾಡುವ ಬಲೆಬಟ್ಟೆಯ ಚೀಲ ಹಾಕಿ. ಕಾಗದದ ಚೀಲದಲ್ಲೇ ಬಿಟ್ಟ ತೆನೆಗೆ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಹೂವಾದ 35–40 ದಿನಕ್ಕೆ ಕೊಯ್ದು, ನೆರಳಲ್ಲಿ ಒಣಗಿಸಿ, ಕೈಯಲ್ಲೇ ಉಜ್ಜಿ ಕಾಳು ಬಿಡಿಸಿ ಎಣಿಸಿಡಿ.

ಎಫ್-1 (ಮೊದಲ ಪೀಳಿಗೆ): ಸಂಕರ ಹೌದೋ ಅಲ್ಲವೋ

ಟ್ರೇಯಲ್ಲಿ ಒಂದು ಗುಣಿಗೆ ಒಂದೇ ಕಾಳು, ಆಳ ಒಂದು ಸೆಂಟಿಮೀಟರಿನೊಳಗೆ. ಅದೇ ಟ್ರೇಯ ಆಚೆ ತುದಿಗೆ ತಾಯಿ ತಳಿ, ಈಚೆ ತುದಿಗೆ ತಂದೆ ತಳಿ ಹಾಕಲೇಬೇಕು. ಹೋಲಿಕೆಗೆ ಇವು ಇಲ್ಲದಿದ್ದರೆ ಬಣ್ಣ ನೋಡಿ ತೀರ್ಮಾನಿಸಲು ಆಗದು. ರಂಜಕ ಕಡಿಮೆಯಾದರೂ ಚಳಿ ಹೆಚ್ಚಾದರೂ ಹಸಿರು ತಳಿಯ ಸಸಿ ಕೂಡ ನಸುನೇರಳೆಗೆ ತಿರುಗುತ್ತದೆ. ಪಕ್ಕದ ತಾಯಿ ಸಸಿಯೂ ಹಾಗೇ ತಿರುಗಿದ್ದರೆ ಆ ಬಣ್ಣ ಗೊಬ್ಬರದ ಕೊರತೆಯದೋ ಹವೆಯದೋ, ವಂಶದ್ದಲ್ಲ. ನೆರಳಲ್ಲಿ ಬೆಳೆದರೆ ನಿಜವಾದ ನೇರಳೆಯೂ ಮಾಸುತ್ತದೆ, ಟ್ರೇ ಬಿಸಿಲಲ್ಲಿರಲಿ.

20–25 ದಿನದ ಸಸಿಯಲ್ಲಿ ಎಲೆಬುಡ ನೋಡಿ ಮೊದಲ ವಿಂಗಡಣೆ ಮಾಡಿ. ನಾಟಿ ಮಾಡಿದ ಮೇಲೆ ಗಿಣ್ಣು ಮೂಡಿದಾಗ ಎರಡನೇ ಸಲ, ತೆನೆ ಬಂದಾಗ ಹೊಟ್ಟಿನ ಬಣ್ಣ ನೋಡಿ ಮೂರನೇ ಸಲ. ಸಂಶಯ ಇರುವ ಗಿಡವನ್ನು ಎಳೆಯುವಾಗ ಕೈ ನಡುಗಬಾರದು. ಐದು ಖಚಿತವಾದ ಸಂಕರ ಗಿಡಗಳಿದ್ದರೆ ಎರಡನೇ ಪೀಳಿಗೆಗೆ ಬೇಕಾಗುವಷ್ಟಕ್ಕಿಂತ ಹೆಚ್ಚು ಬೀಜ ಬರುತ್ತದೆ. ಒಂದೊಂದು ಗಿಡದ ಬೀಜವನ್ನೂ ಬೇರೆ ಬೇರೆ ಪೊಟ್ಟಣದಲ್ಲಿಡಿ, ಕಲಸಬೇಡಿ. ಎರಡನೇ ಪೀಳಿಗೆಯಲ್ಲಿ ಒಂದು ಗಿಡದ ಮಕ್ಕಳೆಲ್ಲ ಒಂದೇ ಬಣ್ಣ ಬಂದರೆ ಆ ಗಿಡ ಸಂಕರವಾಗಿರಲಿಲ್ಲ ಎಂದು ಆಗಲಾದರೂ ಗೊತ್ತಾಗುತ್ತದೆ. ಬಣ್ಣ ಒಂದೇ ಜೀನಿನದ್ದಾದರೆ ನಾಲ್ಕರಲ್ಲಿ ಮೂರು ನೇರಳೆ, ಒಂದು ಹಸಿರು ಬರಬೇಕು. ಹೆಚ್ಚು ಜೀನುಗಳಿದ್ದರೆ ಪ್ರಮಾಣ ಬೇರೆ, ಆದರೆ ಎರಡೂ ಬಣ್ಣ ಕಾಣಲೇಬೇಕು.

ಎಫ್-2ರಲ್ಲಿ (ಎರಡನೇ ಪೀಳಿಗೆ) ಎಷ್ಟು ಗಿಡ ಬೇಕು

ಬೇಕಾದ ಗುಣ ಎರಡು ಜೀನುಗಳಲ್ಲಿದ್ದು, ಎರಡೂ ಕಡೆ ಸ್ಥಿರ ರೂಪದಲ್ಲಿ ಬೇಕೆಂದರೆ ಅಂಥ ಗಿಡ 16ಕ್ಕೆ ಒಂದು. ಒಂದಾದರೂ ಸಿಗುವ ಭರವಸೆ ನೂರಕ್ಕೆ 95 ಇರಬೇಕಾದರೆ 47 ಗಿಡ ಬೆಳೆಯಬೇಕು. ಮೂರು ಜೀನಾದರೆ 191, ನಾಲ್ಕಾದರೆ 766. ಗುಣಗಳ ಪಟ್ಟಿ ಚಿಕ್ಕದಿರಲಿ ಎಂದದ್ದು ಇದಕ್ಕೇ. ಇಳುವರಿಯಂಥ ಗುಣಕ್ಕೆ ಎಷ್ಟೋ ಜೀನುಗಳು ಸೇರಿರುತ್ತವೆ, ಅಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಒಂದು ಸಂಕರಕ್ಕೆ 1000 ಗಿಡ ಇಟ್ಟುಕೊಳ್ಳಿ. 30 ಸೆಂ.ಮೀ. ಸಾಲು, ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಬಿಟ್ಟರೆ ಬೇಕಾಗುವುದು 45 ಚದರ ಮೀಟರ್, ಅರ್ಧ ಗುಂಟೆಗೂ ಕಡಿಮೆ.

ಇಲ್ಲಿ ಒಂಟಿ ಗಿಡದ ಇಳುವರಿ ನೋಡಿ ಆರಿಸಬೇಡಿ. ಸಾಲಿನ ಕೊನೆಯ ಗಿಡಕ್ಕೆ ಬಿಸಿಲು, ಗೊಬ್ಬರ ಎರಡೂ ಹೆಚ್ಚು ಸಿಗುತ್ತದೆ, ಅದು ದಷ್ಟಪುಷ್ಟವಾಗಿ ಕಂಡು ಮೋಸ ಮಾಡುತ್ತದೆ. ಅಂಚಿನ ಗಿಡಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಎರಡನೇ ಪೀಳಿಗೆಯಲ್ಲಿ ನಂಬಬಹುದಾದ ಗುಣಗಳು ಹೂ ಬಿಟ್ಟ ದಿನ, ಗಿಡದ ಎತ್ತರ, ತೆನೆಯ ಆಕಾರ, ಬೀಳದೆ ನಿಲ್ಲುವ ಕಡ್ಡಿ, ಬೆಂಕಿ ರೋಗ. ಇವುಗಳ ಮೇಲೆ 50–60 ಗಿಡ ಆರಿಸಿ, ಒಂದೊಂದರ ತೆನೆಯನ್ನೂ ಬೇರೆ ಕೊಯ್ಯಿರಿ.

ಮೂರನೇ ಪೀಳಿಗೆಯಲ್ಲಿ ಒಂದು ಗಿಡದ ಬೀಜಕ್ಕೆ 3 ಮೀಟರಿನ ಒಂದು ಸಾಲು. ಮೊದಲು ಒಳ್ಳೆಯ ಸಾಲು ಆರಿಸಿ, ಆಮೇಲೆ ಅದರೊಳಗೆ ಒಳ್ಳೆಯ ಗಿಡ. ಪ್ರತಿ ಪೀಳಿಗೆಗೂ ಬೆರಕೆ (ಇನ್ನೂ ಸ್ಥಿರವಾಗದ ಜೀನುಗಳ ಪಾಲು) ಅರ್ಧಕ್ಕೆ ಇಳಿಯುತ್ತದೆ: ಎಫ್-2ರಲ್ಲಿ ಶೇ. 50 ಇದ್ದದ್ದು ಎಫ್-4ರಲ್ಲಿ 12.5, ಎಫ್-6ರಲ್ಲಿ ಸುಮಾರು 3. ಅದಕ್ಕೇ ಆರನೇ ಪೀಳಿಗೆಯಲ್ಲಿ ಒಂದೇ ತೆರನಾಗಿ ನಿಂತ ಸಾಲನ್ನು ಒಟ್ಟಿಗೆ ಕೊಯ್ದು ಹೊಸ ಸಾಲುತಳಿ ಎನ್ನಬಹುದು. ನೀರಾವರಿ ಇದ್ದರೆ ಬೇಸಿಗೆಯಲ್ಲೂ ಒಂದು ಪೀಳಿಗೆ ದಾಟಿಸಬಹುದು. ಆದರೆ ಆ ಪೀಳಿಗೆಯಲ್ಲಿ ಬೀಜ ಮುಂದುವರಿಸಿ ಅಷ್ಟೆ, ಮುಂಗಾರಿಗೆ ಬೇಕಾದ ತಳಿಯನ್ನು ಬೇಸಿಗೆಯಲ್ಲಿ ಆರಿಸಬಾರದು.

ಬೆಂಕಿ ರೋಗದ ಪರೀಕ್ಷೆ

ರೋಗ ಬಾರದ ವರ್ಷ ಎಲ್ಲ ತಳಿಯೂ ರೋಗ ನಿರೋಧಕವೇ. ಆದ್ದರಿಂದ ರೋಗವನ್ನು ನೀವೇ ಬರಿಸಬೇಕು. ಪರೀಕ್ಷೆಯ ತಾಕಿನ ಸುತ್ತಲೂ, ಪ್ರತಿ ಹತ್ತು ಸಾಲಿಗೊಮ್ಮೆಯೂ ರೋಗಕ್ಕೆ ಬೇಗ ತುತ್ತಾಗುವ ಉದುರು ಮಲ್ಲಿಗೆಯಂಥ ತಳಿಯನ್ನು ಹದಿನೈದು ದಿನ ಮೊದಲೇ ಬಿತ್ತಿ. ಸಾರಜನಕ ತುಸು ಹೆಚ್ಚೇ ಕೊಡಿ, ರೋಗಕ್ಕೆ ಅದು ಅನುಕೂಲ. ಪ್ರಯೋಗಾಲಯ ಇದ್ದವರು ಶಿಲೀಂಧ್ರದ ಬೀಜಕಗಳನ್ನು ಮಿಲಿಲೀಟರಿಗೆ 1 ಲಕ್ಷದಂತೆ ನೀರಿನಲ್ಲಿ ಕಲಸಿ, ಸಸಿಯ ಹಂತದಲ್ಲೊಮ್ಮೆ, ತೆನೆ ಹೊರಬರುವಾಗ ಒಮ್ಮೆ ಸಂಜೆ ಸಿಂಪಡಿಸಬೇಕು. ಇಲ್ಲದವರು ಹಿಂದಿನ ವರ್ಷದ ರೋಗ ಹತ್ತಿದ ಹುಲ್ಲನ್ನು ತುಂಡುಮಾಡಿ ಸಾಲುಗಳ ನಡುವೆ ಚೆಲ್ಲಿ. ಇದನ್ನು ಬೀಜದ ತಾಕಿನಿಂದ ದೂರವಿಟ್ಟು ಮಾಡಿ.

ಎಲೆಯ ಮೇಲಿನ ಚುಕ್ಕಿ ಕಂಡು ಹೆದರುವುದು ಬೇಡ, ನಷ್ಟ ಮಾಡುವುದು ಕುತ್ತಿಗೆ ಮತ್ತು ಬೆರಳಿಗೆ ಬರುವ ರೋಗ. ಕುತ್ತಿಗೆ ಕಪ್ಪಾದರೆ ಮೇಲಿನ ತೆನೆ ಜೊಳ್ಳು. ಪ್ರತಿ ಸಾಲಿನಲ್ಲೂ ಒಟ್ಟು ತೆನೆ ಎಷ್ಟು, ಕುತ್ತಿಗೆಗೆ ರೋಗ ಹತ್ತಿದ್ದು ಎಷ್ಟು ಎಂದು ಎಣಿಸಿ ಶೇಕಡಾ ಬರೆಯಿರಿ. ಬೇಗ ಹೂ ಬಿಟ್ಟ ಸಾಲು ಮಳೆಯ ದಿನಗಳನ್ನು ತಪ್ಪಿಸಿಕೊಂಡು ಶುಚಿಯಾಗಿ ಕಾಣಬಹುದು. ಅದು ನಿರೋಧಕ ಶಕ್ತಿಯಲ್ಲ, ತಪ್ಪಿಸಿಕೊಂಡದ್ದು. ಅದೇ ವಾರ ಹೂ ಬಿಟ್ಟ ಉದುರು ಮಲ್ಲಿಗೆಯ ಸಾಲಿಗೆ ರೋಗ ಬಂದಿತ್ತೇ ನೋಡಿ. ಬಂದಿರದಿದ್ದರೆ ಆ ಸಾಲಿನ ಅಂಕಿ ಬಿಟ್ಟುಬಿಡಿ.

ಇಳುವರಿ ಪರೀಕ್ಷೆ

ಆರಿಸಿದ ಸಾಲುತಳಿಗಳನ್ನು ಅದೇ ಅವಧಿಯ ಚಾಲ್ತಿ ತಳಿಯ ಜೊತೆ ಹೋಲಿಸಿ. 110 ದಿನದ್ದಕ್ಕೆ ಜಿಪಿಯು-28 ಅಥವಾ ಎಂಎಲ್-365, 120 ದಿನದ್ದಕ್ಕೆ ಎಂಆರ್-6. ಅಲ್ಪಾವಧಿ ತಳಿಯನ್ನು ದೀರ್ಘಾವಧಿಯದರ ಪಕ್ಕ ನಿಲ್ಲಿಸಿ ಇಳುವರಿ ಕಡಿಮೆ ಎಂದು ತೆಗೆದುಹಾಕುವುದು ಅನ್ಯಾಯ. ಒಂದು ತಾಕಿಗೆ 22.5 ಸೆಂ.ಮೀ. ಅಂತರದ 10 ಸಾಲು, 3 ಮೀಟರ್ ಉದ್ದ, ಅಂದರೆ 6.75 ಚದರ ಮೀಟರ್. ಮೂರು ಸಲ ಪುನರಾವರ್ತನೆ, ಪ್ರತಿ ಸಲವೂ ತಳಿಗಳ ಜಾಗ ಚೀಟಿ ಎತ್ತಿ ನಿರ್ಧರಿಸಿ. ಇಳಿಜಾರಿದ್ದರೆ ಒಂದು ಪುನರಾವರ್ತನೆಯ ತಾಕುಗಳೆಲ್ಲ ಒಂದೇ ಮಟ್ಟದಲ್ಲಿರಲಿ.

ಎರಡು ಅಂಚಿನ ಸಾಲು ಬಿಟ್ಟು ನಡುವಿನ ಎಂಟನ್ನು ಕೊಯ್ದರೆ ಕ್ಷೇತ್ರ 5.4 ಚದರ ಮೀಟರ್. ಕಾಳಿನ ತೂಕವನ್ನು ಕೆ.ಜಿ.ಯಲ್ಲಿ ಹಿಡಿದು 1852ರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ. ತೇವಾಂಶ ನೋಡದೆ ತೂಗಿದ ಅಂಕಿಗೆ ಬೆಲೆಯಿಲ್ಲ. 100ರಿಂದ ತೇವಾಂಶದ ಶೇಕಡಾ ಕಳೆದು, ಬಂದದ್ದನ್ನು 88ರಿಂದ ಭಾಗಿಸಿ, ತೂಕಕ್ಕೆ ಗುಣಿಸಿದರೆ ಶೇ. 12 ತೇವಾಂಶಕ್ಕೆ ಸರಿಹೊಂದಿಸಿದ ತೂಕ ಸಿಗುತ್ತದೆ. ಹುಲ್ಲಿನ ತೂಕವನ್ನೂ ಬರೆಯಿರಿ. ಹಸು ಕಟ್ಟಿದ ಮನೆಯಲ್ಲಿ ಹುಲ್ಲು ಕಡಿಮೆ ಬರುವ ರಾಗಿಯನ್ನು, ಕಾಳು ಎಷ್ಟೇ ಬರಲಿ, ಎರಡನೇ ವರ್ಷ ಯಾರೂ ಬಿತ್ತುವುದಿಲ್ಲ. ಹಾಗೆಯೇ ಕೊಯ್ದ ರಾಗಿಯ ಹಿಟ್ಟಿನಲ್ಲಿ ಮುದ್ದೆ ಕಟ್ಟಿ ನೋಡಿಸಿ. ಅಡುಗೆ ಮಾಡುವವರಿಗೆ ತಳಿಯ ಹೆಸರು ಹೇಳದೆ, ಬರೀ ಸಂಖ್ಯೆ ಬರೆದ ಪೊಟ್ಟಣ ಕೊಡಿ.

ಪೋಷಕಾಂಶ ಮತ್ತು ಆರೋಗ್ಯದ ಮಾತು

ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ತಳಿಯಿಂದ ತಳಿಗೆ ಇದು ಬದಲಾಗುತ್ತದೆ. ಪರೀಕ್ಷೆಗೆ ಕಳಿಸುವ ಕಾಳು ಕಣದ ಮಣ್ಣಿಗೆ ತಾಗಿರಬಾರದು. ಕಬ್ಬಿಣದ ಅಂಶ ಅಳೆಯುವಾಗ ಚಿಟಿಕೆ ಧೂಳು ಬೆರೆತರೂ ಅಂಕಿ ಏರಿಬಿಡುತ್ತದೆ, ಆ ಏರಿಕೆ ನೋಡಿ ತಳಿ ಆರಿಸಿದರೆ ಮಣ್ಣನ್ನು ಆರಿಸಿದಂತೆ. ತೆನೆಯನ್ನು ಕೈಯಲ್ಲೇ ಬಿಡಿಸಿ, ಶುದ್ಧೀಕರಿಸಿದ ನೀರಿನಲ್ಲಿ ಬೇಗನೆ ತೊಳೆದು ಒಣಗಿಸಿ ಕಳಿಸಿ. ಪೋಷಕ ತಳಿಗಳ ಕಾಳೂ ಅದೇ ತಾಕಿನದ್ದಾಗಿರಬೇಕು.

ಹೊಸ ತಳಿ ಮಧುಮೇಹಕ್ಕೆ ಒಳ್ಳೆಯದು ಎಂದು ಪೊಟ್ಟಣದ ಮೇಲೆ ಬರೆಯುವ ಆಸೆ ಬರುವುದು ಸಹಜ, ಆದರೆ ಕಾಳಿನ ವಿಶ್ಲೇಷಣೆಯಿಂದ ಆ ಮಾತು ಹೇಳಲು ಬರುವುದಿಲ್ಲ. ರಕ್ತದ ಸಕ್ಕರೆ ಎಷ್ಟು ಏರುತ್ತದೆಂದು ಅಳೆಯಲು ಕನಿಷ್ಠ 10 ಜನ ಆರೋಗ್ಯವಂತರಿಗೆ, 50 ಗ್ರಾಂ ಜೀರ್ಣವಾಗುವ ಶರ್ಕರಪಿಷ್ಟ ಇರುವಷ್ಟು ಮುದ್ದೆ ಕೊಟ್ಟು, ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಆಮೇಲೆ 15, 30, 45, 60, 90, 120ನೇ ನಿಮಿಷದಲ್ಲಿ ರಕ್ತ ಪರೀಕ್ಷಿಸಿ, ಅದೇ ಜನರಿಗೆ ಬೇರೆ ದಿನ ಗ್ಲೂಕೋಸ್ ಕೊಟ್ಟು ಹೋಲಿಸಬೇಕು. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಬ್ಬರ ಬೆರಳಿಗೂ ಸೂಜಿ ಚುಚ್ಚುವ ಹಾಗಿಲ್ಲ. ಇದು ವೈದ್ಯಕೀಯ ಕಾಲೇಜಿನವರ ಜೊತೆ ಸೇರಿ ಮಾಡಬೇಕಾದ ಕೆಲಸ. ಅಷ್ಟಾದರೂ ತಿಳಿಯುವುದು ಆ ಊಟದ ನಂತರದ ಸಕ್ಕರೆ ಏರಿಳಿತ ಮಾತ್ರ, ರೋಗ ಗುಣವಾಗುತ್ತದೆಂದಲ್ಲ.

ಹೆಸರು, ನೋಂದಣಿ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕಿರುಧಾನ್ಯಗಳ ಅಖಿಲ ಭಾರತ ಸಮನ್ವಿತ ಯೋಜನೆಯ ಕೇಂದ್ರವಿದೆ. ಹಲವು ರಾಜ್ಯಗಳಲ್ಲಿ ಪರೀಕ್ಷೆ ಆಗಬೇಕಾದ ತಳಿ ಅದರ ಮೂಲಕ ಹೋಗುತ್ತದೆ. ರೈತರು ಮಾಡಿದ ತಳಿಯನ್ನು 2001ರ ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ನೋಂದಾಯಿಸಬಹುದು. ಬೇರೆ ತಳಿಗಳಿಂದ ಬೇರೆಯಾಗಿ ಕಾಣುವುದು, ಒಂದೇ ತೆರನಾಗಿರುವುದು, ವರ್ಷದಿಂದ ವರ್ಷಕ್ಕೆ ಬದಲಾಗದಿರುವುದು, ಈ ಮೂರನ್ನು ಅಲ್ಲಿ ನೋಡುತ್ತಾರೆ. ನೋಂದಾಯಿತ ತಳಿಯನ್ನು ಸಂಶೋಧನೆಗೆ ಪೋಷಕವಾಗಿ ಬಳಸಲು ಕಾಯ್ದೆಯಲ್ಲಿ ಅವಕಾಶವಿದೆ. ತಳಿಗಳ ಬೀಜ ಕಾಪಿಡುವ ಜೀನ್ ಬ್ಯಾಂಕಿನಿಂದ ಬೀಜ ತಂದಿದ್ದರೆ ಸಹಿ ಹಾಕಿದ ಒಪ್ಪಂದದ ಪ್ರತಿಯನ್ನು ಸಂಕರಣದ ಪುಸ್ತಕದ ಜೊತೆಗೇ ಇಡಿ.

ಆ ಪುಸ್ತಕದಲ್ಲಿ ಪ್ರತಿ ಸಾಲುತಳಿಯ ಎದುರು ಅದರ ಎಫ್-1 ಗಿಡದ ಸಂಖ್ಯೆಯವರೆಗೆ ಹಿಂದಕ್ಕೆ ಹೋಗುವ ದಾರಿ ಬರೆದಿರಬೇಕು. ಇಬ್ಬರು ಪೋಷಕರ ಮತ್ತು ಎಫ್-2ರ ಒಂದಿಷ್ಟು ಬೀಜವನ್ನು ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಐದನೇ ಪೀಳಿಗೆಯಲ್ಲಿ ಹೊಸ ರೋಗವೋ ಬರವೋ ಬಂದು ಆರಿಸಿದ ಸಾಲುಗಳೆಲ್ಲ ಕೈಕೊಟ್ಟರೆ ಸಂಕರಣದಿಂದ ಮತ್ತೆ ಶುರುಮಾಡುವ ಬದಲು ಆ ಎಫ್-2 ಬೀಜವನ್ನೇ ಬಿತ್ತಿ ಹೊಸದಾಗಿ ಆರಿಸಬಹುದು.